ಆಡು ಒಡೆದ ಮುಚ್ಚಳ

ನಮ್ಮ ಕಾಕಾ ಹುಟ್ಟಿದಾಗಿನಿಂದ ಹೇಳಿದ್ದು ಒಂದೇ ಸುಳ್ಳು. ಅದನ್ನೂ ಪಾಪದ ಒಂದು ಆಡಿನ ತಲೆಗೆ ಕಟ್ಟಿದರು!

ಹೊಳೆಯ ಈಚೆಗೆ, ಯಡೂರಿನ ಎದುರು ದಂಡೆಯಲ್ಲಿ ಅವರು ದೋಣಿ ನಡೆಸುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಕಟ್ಟಿಗೆಯ ದೋಣಿ ಹೋಗಿ ಬಿಳಿ ಫೈಬರ್ ದೋಣಿ ಬಂತು. ಅದರ ಮುಂಭಾಗದಲ್ಲಿ ಹಗ್ಗ ಇಡುವ ಗೂಡು, ಅದಕ್ಕೊಂದು ಮುಚ್ಚಳ. ಪ್ರತಿ ಸೋಮವಾರ ಯಡೂರಿನ ವೀರಭದ್ರನ ದರ್ಶನಕ್ಕೆ ಹೊರಡುವ ಕಾಕು, ಅಂದರೆ ಕಾಕಾನ ಹೆಂಡತಿ, ಕೂರುತ್ತಿದ್ದುದು ಆ ಮುಚ್ಚಳದ ಮೇಲೆಯೇ. ಕಾಕುವಿನದು ಸಾಮಾನ್ಯ ತೂಕವೇ? ಒಂದು ಸೋಮವಾರ ಮುಚ್ಚಳ ಲಟಕ್ಕೆಂದಿತು.

"ಆಡು ಜಿಗದು ಒಡೀತ್ರಿ," ಎಂದು ಕಾಕಾ ಊರಿಗೆಲ್ಲ ಗಂಭೀರವಾಗಿ ಹೇಳಿದರು. ಆ ದಿನ ದೋಣಿಯಲ್ಲಿ ಆಡೇ ಇರಲಿಲ್ಲ!

ಅದೇ ಬೇಸಿಗೆಯಲ್ಲಿ ಕಾಕು ಕಾಯಿಲೆ ಬಿದ್ದು ಮಿರಜದ ಆಸ್ಪತ್ರೆ ಸೇರಿದರು. ಉಳಿಯುತ್ತಾರೋ ಇಲ್ಲವೋ ಎಂದು ನಾವೆಲ್ಲ ಹೆದರಿದ್ದೆವು. ಕಾಕಾ ಮಾತ್ರ ಆಸ್ಪತ್ರೆಯಿಂದ ಬಂದವರೇ ಮುಚ್ಚಳದ ಮುಂದೆ ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಜೀವ ದೊಡ್ಡದೋ, ಮುಚ್ಚಳ ದೊಡ್ಡದೋ?

ಮೊದಲು ಅದನ್ನು ಹೊಳೆಯಲ್ಲಿ ನೆನೆಹಾಕಿದರು. ಕಟ್ಟಿಗೆಯ ದೋಣಿಯಾದರೆ ನೀರು ಕುಡಿದು ಉಬ್ಬಿ, ಬಿರುಕು ತಾನೇ ಮುಚ್ಚಿಕೊಳ್ಳುತ್ತದಲ್ಲ, ಹಾಗೆ!

"ಕಾಕಾ, ಇದು ಫೈಬರ್ ಐತ್ರಿ. ಉಬ್ಬಂಗಿಲ್ಲ."

"ತಡಿಲೇ. ಹೊಸಾದೈತಿ, ನಾಚತೈತಿ."

ಅದು ಉಬ್ಬಲಿಲ್ಲ. ಫೈಬರಿನೊಳಗಿನ ಗಾಜಿನ ನಾರೆಲ್ಲ ಒದ್ದೆಯಾಗಿ, ಮತ್ತೆ ಬಿಸಿಲಿಗಿಟ್ಟು ಒಣಗಿಸಬೇಕಾಯಿತು.

ಆಮೇಲೆ ಇಚಲಕರಂಜಿಯಿಂದ ಫೈಬರ್ ಅಂಟಿಸುವ ರೆಸಿನ್ ತಂದರು. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಧಾರಾಳವಾಗಿ ಸುರಿದರು. ಬಿಸಿಲು ಬೇರೆ ಸುಡುತ್ತಿತ್ತು. ಡಬ್ಬಿ ಹೊಗೆಯಾಡಿ, ಬ್ರಷ್ಷು ಅದರೊಳಗೇ ನೆಟ್ಟಗೆ ನಿಂತುಬಿಟ್ಟಿತು! ಕಾಕಾ ಅದನ್ನು ಎಳೆದು ನೋಡಿ, "ಮಾಲ್ ಚಲೋ ಐತಿ," ಎಂದರು.

ಕೊನೆಗೆ ಕೆಲಸ ಕೈಗೆ ಹತ್ತಿತು. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ, ಗಾಜಿನ ನಾರಿನ ಹಾಸು ಇಟ್ಟು, ರೆಸಿನ್ ಕುಡಿಸಿದರು. ಒಣಗಿದ ಮೇಲೆ ಮತ್ತೊಂದು ಹಾಸು, ಅದರ ಮೇಲೆ ಇನ್ನೊಂದು! ಕೊನೆಯ ಹೊಳಪಿನ ಲೇಪವಾದ ಬಿಳಿಯ ಜೆಲ್‌ಕೋಟ್ ಬಳಿಯುವ ಹೊತ್ತಿಗೆ ಮುಚ್ಚಳ ಎತ್ತಲು ಇಬ್ಬರು ಬೇಕಾಗಿತ್ತು.

"ಆಡಿಗೆ ಇಷ್ಟ ದಪ್ಪ ಬೇಕೇನ್ರಿ ಕಾಕಾ?" ಎಂದು ಕೇಳಿದೆ. ಅವರು ಬ್ರಷ್ಷನ್ನು ಮತ್ತೊಮ್ಮೆ ಡಬ್ಬಿಯಲ್ಲಿ ಅದ್ದಿದರು.

ಮಳೆಗಾಲಕ್ಕೆ ಮುಂಚೆ ಕಾಕು ಮನೆಗೆ ಬಂದರು. ಅರ್ಧ ಕಾಕು ಮಾತ್ರ ಬಂದಿದ್ದರು ಅನ್ನಿ. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಸೋಮವಾರ ಕಾಕಾ ಅವರನ್ನು ಕೈಹಿಡಿದು ತಂದು ಮುಚ್ಚಳದ ಮೇಲೆ ಕೂರಿಸಿದರು. ಅದು ಒಂದಿಷ್ಟೂ ಕದಲಲಿಲ್ಲ. ಕಾಕು ಅದನ್ನು ಕೈಯಿಂದ ತಟ್ಟಿ ನೋಡಿದರು.

"ಯಾಕ ಇಷ್ಟ ಗಟ್ಟಿ ಮಾಡೀರಿ? ಈಗ ನನ್ನ ಮೈಯಾಗ ಏನ ಉಳದೈತಿ?"

ಕಾಕಾ ಹುಟ್ಟು ಹಿಡಿದು ನೀರನ್ನೇ ನೋಡುತ್ತ ಹೇಳಿದರು:

"ನೀ ಮತ್ತ ಮೊದಲಿನಂಗ ಆಗತಿಯಲ್ಲ, ಆವಾಗ ಬೇಕಾಗತೈತಿ."