ಪ್ಲಿಮತ್ತಿನಲ್ಲಿ ಜೀತ

ನನ್ನ ಓದು ಬರಹ ಅಷ್ಟಕ್ಕಷ್ಟೆ. ಒತ್ತಕ್ಷರ ಶುರುವಾಗುವ ಹೊತ್ತಿಗೆ ಶಾಲೆ ಬಿಡಿಸಿದರು. ಹಾಗಾಗಿ ಕಿವಿಯನ್ನೇ ನಂಬಿ ಬದುಕಿದವಳು ನಾನು. ಕಿವಿಗೆ ಬಿದ್ದದ್ದಕ್ಕೆ ಸಿಟ್ಟು ಬಂದರೆ ತಪ್ಪು ಕಿವಿಯದು, ನನ್ನದಲ್ಲ.

ಅಮೆರಿಕದ ಪ್ಲಿಮತ್ತಿಗೆ ಮಗಳು ಲತಾಳ ಮನೆಗೆ ಬಂದ ವರ್ಷ. ಒಂದು ಸಂಜೆ ಅವಳು ಆಫೀಸಿನಿಂದ ಬಂದು ಆನ್ಸರಿಂಗ್ ಮೆಷಿನ್ನಿನ ಗುಂಡಿ ಒತ್ತಿದಳು. ಮಾತಾಡಿದವಳು ಎರಡು ರಸ್ತೆ ಆಚೆಯ ಫ್ಲೇವಿ, ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು. "ಲತಾ, ನಿನ್ನ ಅಮ್ಮನನ್ನು ಮಂಗಳವಾರ ನಮ್ಮ ಜೀತಾ ಬಳಗಕ್ಕೆ ಕರ್ಕೊಂಡು ಹೋಗ್ತೇನೆ. ಗುಡಿಸಿ ಒರೆಸ್ಲಿಕ್ಕೆ ಜನ ಸಾಲುದಿಲ್ಲ. ಅವರಿಗೆ ಅಭ್ಯಾಸ ಉಂಟು ಅಂತ ನೀನೇ ಹೇಳಿದ್ದಲ್ಲ."

ನನ್ನ ಮೈ ಉರಿದುಹೋಯಿತು. ನಮ್ಮಪ್ಪ ಮಂಡ್ಯದ ಕಡೆ ಜೀತಕ್ಕಿದ್ದವನು. ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಕಂಡವರ ಮನೆಯ ಮುಸುರೆ ತಿಕ್ಕಿದವಳು. ಸಾಯುವವರೆಗೂ ಇನ್ನೊಬ್ಬರ ನೆಲಕ್ಕೆ ಬಗ್ಗುವುದಿಲ್ಲವೆಂದು ಆಣೆ ಮಾಡಿಯೇ ಆ ಕೆಲಸ ಬಿಟ್ಟಿದ್ದೆ. ಅದನ್ನು ಮುರಿಸಲು ನನ್ನನ್ನು ವಿಮಾನ ಹತ್ತಿಸಿದರೇ? "ಏನೇ, ಈ ದೇಶದಲ್ಲೂ ಜೀತ ಬಿಟ್ಟಿಲ್ವಾ?" ಎಂದು ಕೇಳಿದರೆ ಲತಾ ನಕ್ಕಳು. ನಕ್ಕ ತಪ್ಪಿಗೆ ಎರಡು ದಿನ ಅಡುಗೆ ಬಂದ್ ಮಾಡಿದೆ. ಮನೆಯವರೆಲ್ಲ ಪಿಜ್ಜಾ ತರಿಸಿ ಸಂತೋಷವಾಗಿ ತಿಂದರು.

ಮಂಗಳವಾರ ಫ್ಲೇವಿಯ ಕಾರು ಹತ್ತಿದ್ದು ಬೈಯುವುದಕ್ಕೇ. ಬೈದು ಮುಗಿಸುವವರೆಗೂ ಅವಳು ಕೇಳಿಸಿಕೊಂಡಳು.

"ಜೀತ ಅಲ್ಲ ಅಮ್ಮ, ಸಂತ ಜೀತಾ. ಇಟಲಿಯವಳು, ಏಳೆಂಟು ನೂರು ವರ್ಷ ಹಿಂದಿನವಳು. ಹನ್ನೆರಡು ವರ್ಷಕ್ಕೆ ಒಬ್ಬರ ಮನೆಕೆಲಸಕ್ಕೆ ಸೇರಿ ಸಾಯುವ ತನಕ ಅಲ್ಲೇ ದುಡಿದಳು."

"ಅದನ್ನೇ ಕಣಮ್ಮ ನಮ್ಮೂರಲ್ಲಿ ಜೀತ ಅನ್ನೋದು" ಎಂದೆ.

ಫ್ಲೇವಿ ಕಾರನ್ನು ಹೆದ್ದಾರಿಗೆ ತಿರುಗಿಸಿದಳು. ಆಮೇಲೆ, ಜೀತಾ ಚರ್ಚಿನಲ್ಲಿ ಮೈಮರೆತಾಗ ದೇವದೂತರೇ ಬಂದು ಅವಳ ಬದಲು ರೊಟ್ಟಿ ಸುಟ್ಟಿಟ್ಟರೆಂದಳು. ನನಗೆ ಇನ್ನೂ ರೇಗಿತು. ನಾನು ಹತ್ತು ನಿಮಿಷ ತಡವಾದರೆ ಮೂವತ್ತು ವರ್ಷದಲ್ಲಿ ಒಬ್ಬ ದೂತನೂ ಬರಲಿಲ್ಲ. ಯಜಮಾನಿ ಮಾತ್ರ ಬಾಗಿಲಿಗೆ ಬಂದು ನಿಂತಿರುತ್ತಿದ್ದಳು.

ಆ ಸಂತ ಜೀತಾಳ ಹೆಸರಿನಲ್ಲಿ ಇವರ ಬಳಗದವರು ವಾರಕ್ಕೊಮ್ಮೆ ಹಾಸಿಗೆ ಹಿಡಿದವರ ಮನೆ ಚೊಕ್ಕ ಮಾಡಿಕೊಡುತ್ತಾರಂತೆ. ಆ ದಿನ ಹತ್ತಿರದ ವಿಕ್ಸಮ್ ಊರಿನಲ್ಲಿ ಸೊಂಟ ಮುರಿದುಕೊಂಡ ಒಬ್ಬ ಮುದುಕಿಯ ಮನೆ. ನಾನು ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೈಕಟ್ಟಿ ಕುಳಿತೆ. ಬಳಗದ ಬಿಳಿಯ ಡಾಕ್ಟರಮ್ಮ ಒಬ್ಬಳು ಮಂಡಿಯೂರಿ, ಸೋಪು ನೀರು ಸುರಿದು, ಕೊಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿದ್ದಳು. ಎಷ್ಟು ಹೊತ್ತು ನೋಡುವುದು? "ಫ್ಲೇವಿ, ಒಲೆ ಕೆಳಗೆ ಇವರಜ್ಜಿ ಬಂದು ಒರೆಸ್ತಾಳಾ, ಕೇಳು" ಎಂದೆ. ಆಮೇಲೆ ಬಾಯಿ ನಿಲ್ಲಲಿಲ್ಲ. ಬಟ್ಟೆ ಹಿಂಡು. ತಳ ತೋರಿಸು. ಇದೇನು ತೊಳೆದದ್ದಾ, ನೆನೆಸಿದ್ದಾ? ಪಾಪ, ಫ್ಲೇವಿ ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಅವರು ತಲೆಯಾಡಿಸಿ ಮಾಡಿದರು. ಊಟದ ಹೊತ್ತಿಗೆ ನೆಲ ಕನ್ನಡಿಯಾಗಿತ್ತು.

ಆ ಮಾತುಗಳೆಲ್ಲ ಯಾರವೆಂದು ನನಗೆ ಗೊತ್ತು. ಮೂವತ್ತು ವರ್ಷ ಆ ಬಾಯಿಗೆ ಹುಳ ಬೀಳಲೆಂದು ಶಪಿಸಿದವಳು ನಾನು.

ಕೈ ಒರೆಸಿಕೊಳ್ಳುತ್ತ ಡಾಕ್ಟರಮ್ಮ ಫ್ಲೇವಿಯ ಹತ್ತಿರ ಏನೋ ಕೇಳಿದಳು.

"ಅಮ್ಮ, ನೀವು ಊರಲ್ಲಿ ದೊಡ್ಡ ಮನೆಯ ಯಜಮಾನಿಯಾ ಅಂತ ಕೇಳ್ತಾಳೆ."

"ಹೌದು ಅನ್ನು" ಎಂದೆ.