ಮಾವನ ಮಗ್ಗ ಯಾಕೆ ನಿಂತಿತು

ಮಾವನ ಮಗ್ಗ ನಿಲ್ಲಿಸಲು ಅತ್ತೆ ಫ್ಯೂಸ್ ಕಿತ್ತದ್ದನ್ನು ನಾನು ಕಣ್ಣಾರೆ ನೋಡಿದೆನೋ, ಅಮ್ಮನ ಬಾಯಲ್ಲಿ ಕೇಳಿ ಕೇಳಿ ನೋಡಿದ ಹಾಗಾಗಿದೆಯೋ, ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅತ್ತೆ ಹಸಿರು ಸೀರೆ ಉಟ್ಟಿದ್ದಾರೆ. ಅವರ ಹತ್ತಿರ ಹಸಿರು ಸೀರೆಯೇ ಇರಲಿಲ್ಲವಂತೆ. ಇರಲಿ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ: ನಮ್ಮ ಸೋದರಮಾವನಂಥ ದುಷ್ಟರು ಇಡೀ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿಲ್ಲ, ಮತ್ತು ಆ ದುಷ್ಟತನಕ್ಕಾಗಿ ಅವರು ಯಾವತ್ತೂ ದನಿ ಏರಿಸಿದವರಲ್ಲ.

ಮಾವನ ಮನೆಯ ಮುಂಭಾಗದಲ್ಲೇ ನಾಲ್ಕು ವಿದ್ಯುತ್ ಮಗ್ಗಗಳಿವೆ. ಒಂದು ಓಡಿದರೂ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. ಬೇರೆ ನೇಕಾರರಿಗೆ ಅದು ಕಸುಬಿನ ಕಷ್ಟ, ಮಾವನಿಗೆ ಅಸ್ತ್ರ. ತಮಗೆ ಬೇಡದ ಮಾತು ಬರುವ ಸೂಚನೆ ಸಿಕ್ಕಿದರೆ ಸಾಕು, ಕೈ ಸ್ವಿಚ್ಚಿಗೆ ಹೋಗುತ್ತದೆ. ಒಮ್ಮೆ ಗಣಪತಿ ಕೂರಿಸುವ ಹುಡುಗರು ಚಂದಾ ಕೇಳಲು ಬಂದರು. ಮಾವ ನಾಲ್ಕೂ ಮಗ್ಗ ಓಡಿಸಿ, ಕಿವಿಗೆ ಕೈ ಇಟ್ಟು, ಬಹಳ ಆಸಕ್ತಿಯಿಂದ ತಲೆಯಾಡಿಸುತ್ತಾ ನಿಂತರು. ಹುಡುಗರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಹೋದರು. ಮರುದಿನ ಅವರಲ್ಲೊಬ್ಬ ಬೀದಿಯಲ್ಲಿ ಸಿಕ್ಕಾಗ ಮಾವನೇ ಕೇಳಿದರು, "ಏನಪ್ಪಾ, ನಿನ್ನೆ ಬಂದಿದ್ರಿ, ವಿಷ್ಯ ಏನೂಂತ ಹೇಳದೇ ಹೊಂಟೋದ್ರಲ್ಲಾ?"

ಹಾಗಾದರೆ ಕರೆಂಟ್ ಹೋದಾಗ ಮಾತಾಡಬಹುದಲ್ಲ ಅನ್ನುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಕರೆಂಟ್ ಹೋದ ಕೂಡಲೇ ಮಾವ ಸ್ನಾನಕ್ಕೆ ಹೋಗಿಬಿಡುತ್ತಿದ್ದರು. ಬಚ್ಚಲ ಬಾಗಿಲ ಮುಂದೆ ನೆಂಟರು ಕಾಯುತ್ತಿದ್ದರು, ಒಳಗೆ ಚೊಂಬಿನ ಸದ್ದು ನಿಲ್ಲುತ್ತಿರಲಿಲ್ಲ. ಕರೆಂಟ್ ಪದೇ ಪದೇ ಕೈಕೊಡುವ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಅವರಷ್ಟು ಶುಭ್ರವಾದ ಮನುಷ್ಯ ಇರಲಿಲ್ಲ!

ಅತ್ತೆಗೆ ಹಲ್ಲುನೋವು ಬಂದಾಗಲೂ ಮಗ್ಗ ಓಡುತ್ತಲೇ ಇತ್ತು. ಕೊನೆಗೆ ಅವರು ಕುರ್ಚಿ ಹತ್ತಿ ಫ್ಯೂಸ್ ಕಿತ್ತು, "ಹಲ್ಲು ನೋಯ್ತಾ ಐತೆ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ರೀ" ಎಂದು ಕಿರುಚಿದರು.

ಮಾವ ನಿಧಾನವಾಗಿ ಕೇಳಿದರು, "ಹಲ್ಲು ನೋಯೋರು ಹಿಂಗೆ ಬಾಯಿ ಮಾಡ್ತಾರಾ?"

ಈ ಕಥೆ ಬಂದಾಗಲೆಲ್ಲ ನಾವು ನಗುತ್ತಿದ್ದೆವು. ನನಗೆ ಮಾವನ ಮೇಲೆ ಒಳಗೊಳಗೇ ಮೆಚ್ಚುಗೆಯೂ ಇತ್ತು. ಯಾರಿಗೂ ಇಲ್ಲ ಎನ್ನದೆ, ಸುಳ್ಳು ಹೇಳದೆ, ಒಂದು ಸ್ವಿಚ್ಚಿನಿಂದ ಲೋಕವನ್ನು ದೂರ ಇಡುವುದು ಸಣ್ಣ ಕಲೆಯೇ? ಆದರೆ ಅತ್ತೆಗೆ ಈಗ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೇವರ ಮುಂದೆ ಕೈಮುಗಿದರೂ ಕೂಗಿಯೇ ಬೇಡಿಕೊಳ್ಳುತ್ತಾರೆ. ಅದನ್ನು ಕೇಳಿದ ಮೇಲೆ ನಗು ಹಾಗೇ ಇಳಿದುಹೋಗುತ್ತದೆ.

ಅವರ ಒಬ್ಬಳೇ ಮಗಳು ಸುಮಾ. ದೇವನಹಳ್ಳಿಯ ಕ್ಯಾಬ್ ಡ್ರೈವರ್ ಒಬ್ಬನನ್ನು ತಾನೇ ಮೆಚ್ಚಿ ಮದುವೆಯಾದಳು. ಮಾವ ಬೈಯಲಿಲ್ಲ, ಬರಬೇಡ ಎನ್ನಲಿಲ್ಲ. ಅವಳ ಹೆಸರು ಬಂದಾಗಲೆಲ್ಲ ಮಗ್ಗ ಓಡಿತು, ಅಷ್ಟೇ. ಬೈದಿದ್ದರೆ ಜಗಳವಾಡಬಹುದಿತ್ತು. ಸದ್ದಿನ ಜೊತೆ ಹೇಗೆ ಜಗಳವಾಡುವುದು?

ಸುಮಾ ಬಸುರಿಯಾದಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಅತ್ತೆ ತಿಂಗಳುಗಟ್ಟಲೆ ಕೂಗಿದರು, ಮಾವ ಕಿವಿಗೆ ಕೈ ಇಟ್ಟು ತಲೆಯಾಡಿಸಿದರು. ಕೊನೆಗೆ ಸುಮಾ ತಾನೇ ಕೇಳುತ್ತೇನೆಂದು ಬಂದಳು. ಅವಳ ಧೈರ್ಯಕ್ಕೆ ನಾನೂ ಜೊತೆಗಿದ್ದೆ. ಅವತ್ತು ನೂಲು ಸಾಲದೆ ಒಂದೇ ಮಗ್ಗ ಓಡುತ್ತಿತ್ತು. ಮಾವ ನಮಗೆ ಬೆನ್ನು ಹಾಕಿ ಅದರ ಮುಂದೆ ನಿಂತಿದ್ದರು. ಸುಮಾ ಅವರ ಹಿಂದೆ ನಿಂತು ಜೋರಾಗಿ, "ಅಪ್ಪಾ, ಬಾಣಂತನಕ್ಕೆ ಇಲ್ಲಿಗೇ ಬಂದ್ಬಿಡ್ಲಾ" ಎನ್ನುವಷ್ಟರಲ್ಲಿ ಮಗ್ಗ ನಿಂತಿತು.

ಅವಳ ಕೂಗು ಖಾಲಿ ಹಜಾರದಲ್ಲಿ ಬಿದ್ದಂತಾಯಿತು. ಅವಳಿಗೇ ನಾಚಿಕೆಯಾಗಿ ದನಿ ತಗ್ಗಿಸಿ ಇನ್ನೊಮ್ಮೆ ಕೇಳಿದಳು, "ಬರ್ಲಾ ಅಪ್ಪಾ?"

ಮಾವ ಸ್ನಾನಕ್ಕೆ ಹೋಗಲಿಲ್ಲ. ಗೋಡೆ ಬದಿಯ ಹಲಗೆಯ ಮೇಲಿದ್ದ ಲಾಳಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ ತೆಗೆದು ಹಲಗೆ ಒರೆಸಿದರು. ಮೂಲೆಯ ಧೂಳೂ ಬಿಡದೆ ಒರೆಸಿದರು. ಸುಮಾ ಅಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮಗ್ಗ ಮತ್ತೆ ಓಡಿತು. ಸಂಜೆಯ ಬಸ್ಸಿನವರೆಗೂ ಅವಳು ಆ ಸದ್ದಿನಲ್ಲಿ ಕೂತೇ ಇದ್ದಳು. ಮಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ಬಾಣಂತನ ದೇವನಹಳ್ಳಿಯಲ್ಲಿ, ಅವಳ ಅತ್ತೆಮನೆಯಲ್ಲೇ ಆಯಿತು. ಮಾವ ಮೊಮ್ಮಗಳನ್ನು ಇನ್ನೂ ನೋಡಿಲ್ಲ.

ಮೊನ್ನೆ ಸುಮಾ ಫೋನ್ ಮಾಡಿದ್ದಳು.

"ಅವತ್ತು ಮಗ್ಗ ಅಪ್ಪನೇ ತಾನೇ ನಿಲ್ಸಿದ್ದು? ಅಮ್ಮ ಕರೆಂಟ್ ಹೋಯ್ತು ಅಂತಾರೆ. ಅಪ್ಪನ್ನ ಕೇಳಿದ್ರೆ ನೂಲಿನ ಎಳೆ ಕಿತ್ತು ಅದೇ ನಿಂತ್ಕೊಂತು ಅಂದ್ರಂತೆ. ನೀನು ಅಲ್ಲೇ ಇದ್ದೆಯಲ್ಲೋ."

"ಈಗ್ಯಾಕೆ ಅದು?"

"ಪಾಪೂನ ಕರ್ಕೊಂಡ್ ಹೋಗೋಣ ಅಂತಿದೀನಿ ಕಣೋ. ಅಪ್ಪನೇ ನಿಲ್ಸಿದ್ರೆ ಹೋಗ್ತೀನಿ. ಇಲ್ದಿದ್ರೆ ಆ ಸದ್ದಲ್ಲಿ ಮಗು ಹೆದರ್ಕೊಳ್ಳುತ್ತೆ. ಬೇಡ."

ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಕರೆಂಟ್ ಹೋಗಿದ್ದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತಿರಬೇಕು. ಎಳೆ ಕಿತ್ತಿದ್ದರೆ ಮಾವ ಬಗ್ಗಿ ಗಂಟು ಹಾಕಿರಬೇಕು. ಹಾಕಿದರೇ? ಪಕ್ಕದ ಮನೆಯಿಂದ ಸದ್ದು ಬರುತ್ತಿತ್ತೇ? ಎಷ್ಟು ಕಿವಿಗೊಟ್ಟರೂ ನನಗೆ ಕೇಳುವುದು "ಬರ್ಲಾ ಅಪ್ಪಾ" ಎಂಬ ಅವಳ ದನಿ ಮಾತ್ರ. ಮಗ್ಗವನ್ನು ನಿಲ್ಲಿಸಿದ್ದು ಯಾರು ಎಂದು ನನಗೆ ಗೊತ್ತಿಲ್ಲ.