ಸುಮ್ನೆ ಕೂತಿದೀನಿ

ಬೆಂಚು ತೀರಾ ಹೊಸದಾಗಿ ಕಾಣುತ್ತಿತ್ತು. ನೆವಿಲ್ ಬ್ರಿಗ್ಸ್‌ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಯಾರ್ಕ್‌ಷೈರಿನ ಆ ಗುಡ್ಡದೂರಿನ ಪ್ರಾಥಮಿಕ ಶಾಲೆಯಲ್ಲಿ ನೆವಿಲ್ ಮಕ್ಕಳ ಮನಸ್ಸಿನ ಕ್ಷೇಮ ನೋಡಿಕೊಳ್ಳುವ ಸಹಾಯಕ. ಆಟದಂಗಳದ ಮೂಲೆಯಲ್ಲಿ ಹಳದಿ ಬಣ್ಣದ ಗೆಳೆತನದ ಬೆಂಚು ಹಾಕಿಸಿದವನು ಅವನೇ. ಆಡಲು ಜೊತೆಯಿಲ್ಲದ ಮಗು ಅದರ ಮೇಲೆ ಕೂರಬೇಕು, ಉಳಿದವರು ಬಂದು ಆಟಕ್ಕೆ ಕರೆಯಬೇಕು. ಆದರೆ ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಅದರ ಮೇಲೆ ಕೂತದ್ದು ಪಾರಿವಾಳಗಳು ಮಾತ್ರ. ಇವತ್ತು ಮಧ್ಯಾಹ್ನ ಕೌನ್ಸಿಲ್ಲಿನಿಂದ ಮಿಸ್ ಪ್ರಿಚರ್ಡ್ ಬರುವವಳಿದ್ದಳು. ಬೆಂಚಿನಿಂದ ಪ್ರಯೋಜನವಿದೆಯೇ ಎಂದು ನೋಡಿ, ನೆವಿಲ್‌ನ ಹುದ್ದೆ ಇರಬೇಕೋ ಬೇಡವೋ ಎಂದು ಅವಳು ಬರೆಯಬೇಕು.

“ನಮ್ಮತ್ತೆ ಕಪಾಟಲ್ಲಿಟ್ಟಿರೋ ಟೀ ಸೆಟ್ಟಿನ ಹಾಗಿದೆ,” ಎಂದಳು ಊಟದ ಹೊತ್ತಿನ ಮೇಲ್ವಿಚಾರಕಿ ಡೋರೀನ್. “ಯಾರೂ ಮುಟ್ಟಿಲ್ಲ ಅಂತ ಕುರುಡರಿಗೂ ಗೊತ್ತಾಗತ್ತೆ. ಹೋಗಿ ಒಂದಿಷ್ಟು ಕೂತು ಸವೆಸೋ, ರಾಜಾ.”

ನೆವಿಲ್ ಅತ್ತಿತ್ತ ನೋಡಿ ಕೂತ. ತುರಿಕೆಯ ಎಮ್ಮೆ ಕಂಬಕ್ಕೆ ಮೈ ಉಜ್ಜುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದಾಡಿದ.

ಎದುರಿಗೆ ಏಳು ವರ್ಷದ ಜೈನಬ್ ನಿಂತಿದ್ದಳು. “ನಮ್ಮ ಜೊತೆ ಆಡಕ್ಕೆ ಬರ್ತೀರಾ, ಸರ್?”

“ಇಲ್ಲಮ್ಮ. ಸುಮ್ನೆ ಕೂತಿದೀನಿ.”

ಜೈನಬ್‌ಳ ಕಣ್ಣು ದೊಡ್ಡದಾಯಿತು. “ಪಾಪ್ಪಿ, ಬೇಗ ಬಾರೇ! ಸರ್ ‘ಸುಮ್ನೆ’ ಅಂದ್ರು!” ಎಂದು ಗೆಳತಿಯನ್ನು ಕೂಗಿದಳು.

ತಪ್ಪು ನೆವಿಲ್‌ನದೇ. ಪ್ರತಿ ಸೋಮವಾರ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ: ‘ಸುಮ್ನೆ ಕೂತಿದೀನಿ’ ಅಂದವರನ್ನು ನಂಬಬೇಡಿ, ನೊಂದವರು ಮೊದಲು ಹೇಳುವುದೇ ಅದನ್ನು.

“ಪುಟ್ಟಾ, ನಾನು ಒಬ್ಬರನ್ನ ನೋಡಕ್ಕೆ ಹೋಗ್ಬೇಕು.”

“ನೆಪ ಹೇಳ್ತಿದಾರೆ,” ಎಂದಳು ಪಾಪ್ಪಿ.

“ನಂಗೇನೂ ಆಗಿಲ್ಲ ಅಂದ್ನಲ್ಲ!”

“ಕೋಪಾನೂ ಬಂತು. ತುಂಬಾ ನೊಂದಿದಾರೆ,” ಎಂದು ಪಾಪ್ಪಿ ದೊಡ್ಡಾಸ್ಪತ್ರೆಯ ಡಾಕ್ಟರಂತೆ ತಲೆಯಾಡಿಸಿದಳು. ಫುಟ್‌ಬಾಲ್ ನಿಂತಿತು. ಹಗ್ಗದಾಟವೂ ನಿಂತಿತು.

“ನಂಗೊತ್ತಿತ್ತು ಕಣ್ರೋ!” ಡೋರೀನ್ ಅಂಗಳದಾಚೆಯಿಂದ ಕೂಗಿದಳು. “ವರ್ಷದಿಂದ ಜೆರಾಕ್ಸ್ ಕೋಣೇಲಿ ಒಬ್ನೇ ಕೂತು ಸ್ಯಾಂಡ್‌ವಿಚ್ ತಿಂತಾನೆ, ಪಾಪ!”

ಅದು ನಿಜವಾಗಿತ್ತು.

ಆಗ ಮಕ್ಕಳು ಕೂರತೊಡಗಿದರು. ಕರೆದರೂ ಆಟಕ್ಕೆ ಬರದವರ ಜೊತೆ ಏನೂ ಕೇಳದೆ ಕೂತಿರಿ ಎಂದು ಅವನೇ ಹೇಳಿಕೊಟ್ಟಿದ್ದ. ಮೊದಲು ನಾಲ್ಕು ಮಕ್ಕಳು, ಆಮೇಲೆ ಹತ್ತು, ಕೊನೆಗೆ ಶಾಲೆಯ ತೊಂಬತ್ತೂ ಮಕ್ಕಳು ಆ ತಣ್ಣನೆಯ ಕಲ್ಲುನೆಲದ ಮೇಲೆ ಕೂತುಬಿಟ್ಟರು. ಯಾರೂ ನಗಲಿಲ್ಲ, ಯಾರೂ ಕೆಮ್ಮಲಿಲ್ಲ. ಚೇಳು ಕಚ್ಚಿದಂತೆ ಕುಣಿಯುವ ಮೂರನೇ ತರಗತಿಯೂ ಅಲುಗಲಿಲ್ಲ. ಜೈನಬ್ ಅರ್ಧ ಬಿಸ್ಕತ್ತನ್ನು ಅವನ ಮೊಣಕಾಲ ಮೇಲಿಟ್ಟಳು.

“ಈ ಬೆಂಚಿಗೆ ಯಾರೂ ಬರೋದೇ ಇಲ್ವಲ್ಲಮ್ಮ,” ಎಂದ ನೆವಿಲ್ ಮೆಲ್ಲಗೆ.

“ನಾವು ಬಿಟ್ರೆ ತಾನೇ? ಯಾರಾದ್ರೂ ಈ ಕಡೆ ನಡೆದ್ರೆ ಸಾಕು, ದಾರೀಲೇ ಹಿಡ್ಕೊಂಡು ಆಟಕ್ಕೆ ಸೇರಿಸ್ಕೊಳ್ತೀವಿ. ನೀವು ತುಂಬಾ ಬೇಗ ಕೂತುಬಿಟ್ರಿ, ಸರ್.”

ನೆವಿಲ್ ಬೆಂಚನ್ನು ನೋಡಿದ, ಮಕ್ಕಳನ್ನು ನೋಡಿದ. ಆರು ತಿಂಗಳಿಂದ ತನ್ನ ಕಣ್ಣೆದುರಿಗೇ ಇಷ್ಟು ದೊಡ್ಡದೊಂದು ನಡೆಯುತ್ತಿತ್ತು, ತಾನು ಮಾತ್ರ ಪಾರಿವಾಳ ಎಣಿಸುತ್ತಿದ್ದ. ಬೆಟ್ಟದ ತುದಿಯಲ್ಲಿ ಮೋಡ ಸರಿದಾಗ ಕಣಿವೆಯೆಲ್ಲ ಒಮ್ಮೆಗೇ ಕಾಣುತ್ತದಲ್ಲ, ಹಾಗಾಯಿತು. ಮೂಗಿನ ತುದಿ ಉರಿಯಿತು. ಅವನು ಅತ್ತ. ಗಂಟೆ ಹೊಡೆಯಿತು. ಅವನು ಏಳುವವರೆಗೆ ಒಂದು ಮಗುವೂ ಏಳಲಿಲ್ಲ.

ಮೂರೂವರೆಗೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಗಾರ್ಸೈಡ್ ಕರೆಸಿದಳು.

“ಮಿಸ್ ಪ್ರಿಚರ್ಡ್ ಮಹಡಿ ಕಿಟಕಿಯಿಂದ ಎಲ್ಲಾ ನೋಡಿದ್ರು, ನೆವಿಲ್. ಅವರ ಕಣ್ಣಲ್ಲೂ ನೀರು! ಇದನ್ನ ಬರೆದುಕೊಟ್ಟು ರೈಲಿಗೆ ಓಡಿದ್ರು.”

ನೆವಿಲ್‌ನ ಎದೆ ಹಗುರಾಯಿತು. ಮಿಸೆಸ್ ಗಾರ್ಸೈಡ್ ಓದಿದಳು:

“‘ಇಪ್ಪತ್ತು ವರ್ಷದ ಸೇವೆಯಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ದೊಡ್ಡವರ ನೆರವಿಲ್ಲದೆ ಮಕ್ಕಳೇ ಎಲ್ಲವನ್ನೂ ಅದ್ಭುತವಾಗಿ ನಿಭಾಯಿಸುತ್ತಾರೆ. ಆದ್ದರಿಂದ ಈಸ್ಟರ್ ರಜೆಯ ನಂತರ ಸಹಾಯಕನ ಹುದ್ದೆ ಅನಗತ್ಯ.’”

ನೆವಿಲ್ ಕಾಗದಕ್ಕೆ ಕೈ ಚಾಚಿದ.

“ಇನ್ನೂ ಇದೆ. ‘ಬೆಂಚಿನ ಮೇಲೆ ಅಳುತ್ತಿದ್ದ ಆ ಗಂಡಸಿನ ಸ್ಥಿತಿ ಕಳವಳ ಹುಟ್ಟಿಸುವಂತಿದೆ. ಹುದ್ದೆ ಮುಗಿಯುವುದರೊಳಗೆ ಸಹಾಯಕನು ಅವನನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸತಕ್ಕದ್ದು.’”

“ಅದು ನಾನೇ ಅಂತ ನೀವು ಹೇಳ್ಲಿಲ್ವಾ?”

“ಹೇಳೋಷ್ಟರಲ್ಲಿ ಟ್ಯಾಕ್ಸಿ ಹತ್ತಿದ್ರಪ್ಪ. ಬರೆದದ್ದು ಬರೆದದ್ದೇ, ನಾವು ಮಾಡ್ಲೇಬೇಕು. ಯಾವಾಗ ಇಟ್ಕೊಳ್ತೀಯ?”

ನೆವಿಲ್ ಡೈರಿ ತೆರೆದು ಪುಟ ತಿರುವಿದ.

“ಮಂಗಳವಾರ ಹತ್ತೂವರೆ,” ಎಂದ. “ಆ ಹೊತ್ತಿಗೆ ಇಬ್ಬರಿಗೂ ಬಿಡುವಿರತ್ತೆ.”